‘ಟೀಗೆ ಏನು?’ ಅಂದರೆ ‘ಸಕ್ಕರೆ ಕಮ್ಮಿ’ ಅಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು. ನಾಲ್ಕು ತಿಂಗಳಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್ ಆಗಿದ್ದೇನೆ. ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿಕೊಂಡೇ ಬಂದದ್ದು. ವಾರ್ಡಿನಲ್ಲಿ ತೊಂದರೆಯಿಲ್ಲ. ಆದರೆ ಬ್ರೇಕ್ ಹೊತ್ತಿಗೆ ಸ್ಟಾಫ್ ರೂಮಿಗೆ ಹೋದರೆ ಅರ್ಧ ಮಾತು ತಲೆಗೇ ಹತ್ತುವುದಿಲ್ಲ. ಹೋದ ವಾರ ಜೊತೆಯವಳೊಬ್ಬಳು ‘ವಾಟ್ ಆರ್ ಯೂ ಹ್ಯಾವಿಂಗ್ ಫಾರ್ ಟೀ?’ ಎಂದು ಕೇಳಿದಳು. ‘ಸಕ್ಕರೆ ಕಮ್ಮಿ ಸಾಕು’ ಎಂದೆ. ಎಲ್ಲರೂ ನಕ್ಕರು. ಇಲ್ಲಿಯ ಊಟ-ತಿಂಡಿಯ ಮಾತು, ನುಡಿಗಟ್ಟು ಕಲಿಯಲು ಯಾವ ಪುಸ್ತಕ ಓದಲಿ? ನಾನು ಸಸ್ಯಾಹಾರಿ ಬೇರೆ.

ಉತ್ತರ: ನಿಮ್ಮ ಉತ್ತರ ದಾವಣಗೆರೆಯಲ್ಲಾದರೆ ನೂರಕ್ಕೆ ನೂರು ಸರಿ. ಲೀಡ್ಸ್‌ನಲ್ಲಿ ಆ ಪ್ರಶ್ನೆಯ ಅರ್ಥ ‘ರಾತ್ರಿ ಊಟಕ್ಕೆ ಏನು ಮಾಡ್ಕೊಳ್ತೀಯಾ?’ ಅಂತ. ನಾನು ಆರು ವರ್ಷ ಮ್ಯಾಂಚೆಸ್ಟರ್ ಕಡೆ ಇದ್ದೆ. ಮೊದಲ ತಿಂಗಳು ಪಕ್ಕದ ಮನೆಯವರು ‘ಟೀಗೆ ಬನ್ನಿ’ ಎಂದರು. ಹೊಟ್ಟೆ ತುಂಬ ಊಟ ಮುಗಿಸಿ, ಒಂದು ಕಪ್ ಚಹಾ ಕುಡಿದು ಬರೋಣ ಅಂತ ಹೋದೆ. ಮೇಜಿನ ತುಂಬ ಅಡುಗೆ ಇಟ್ಟಿದ್ದರು. ಆವತ್ತು ನಾನು ಎರಡು ಊಟ ಮಾಡಿದೆ.

ಈಗ ಇಲ್ಲಿಂದ ಅಲ್ಲಿಗೆ ಹೊರಡುವವರಿಗೆ ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಗೊತ್ತಿಲ್ಲದ ಪದ ಅಷ್ಟು ತೊಂದರೆ ಕೊಡುವುದಿಲ್ಲ, ಕೇಳಿ ತಿಳಿದುಕೊಳ್ಳುತ್ತೀರಿ. ಕೈ ಕೊಡುವುದು ಗೊತ್ತಿದೆ ಅಂದುಕೊಂಡ ಪದ. ಟೀ, ಡಿನ್ನರ್, ಚಿಪ್ಸ್, ಹೋಟೆಲ್, ಕರ್ಡ್, ಪುಡ್ಡಿಂಗ್. ಇವೆಲ್ಲ ನಮಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಯಾರೂ ಡಿಕ್ಷನರಿ ತೆಗೆದು ನೋಡುವುದಿಲ್ಲ.

ಮೊದಲು ಹೊತ್ತಿನ ಲೆಕ್ಕ ತಿಳಿಯಿರಿ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಅಂದರೆ ನೀವಿರುವ ಯಾರ್ಕ್‌ಶೈರ್, ಪಕ್ಕದ ಲ್ಯಾಂಕಾಶೈರ್ ಕಡೆ, ತುಂಬ ಮನೆಗಳಲ್ಲಿ ಮಧ್ಯಾಹ್ನದ ಊಟ ‘ಡಿನ್ನರ್’, ಸಂಜೆ ಐದಾರರ ಊಟ ‘ಟೀ’. ಲಂಡನ್ ಕಡೆ ಮಧ್ಯಾಹ್ನದ್ದು ‘ಲಂಚ್’, ರಾತ್ರಿಯದು ‘ಡಿನ್ನರ್’. ಆದರೂ ಶಾಲೆಯ ಊಟ ಎಲ್ಲ ಕಡೆ ‘ಸ್ಕೂಲ್ ಡಿನ್ನರ್’, ಬಡಿಸುವವರು ‘ಡಿನ್ನರ್ ಲೇಡಿ’. ‘ಸಪ್ಪರ್’ ಇನ್ನೊಂದು ತಲೆನೋವು. ಅನುಕೂಲಸ್ಥರ ಮನೆಯಲ್ಲಿ ಅದು ರಾತ್ರಿಯ ಸಾದಾ ಊಟ. ನಿಮ್ಮ ಕಡೆಯವರಿಗೆ ಮಲಗುವ ಮೊದಲು ತಿನ್ನುವ ಎರಡು ಟೋಸ್ಟೋ ಬಿಸ್ಕತ್ತೋ ಇರಬಹುದು. ಸ್ಕಾಟ್ಲೆಂಡಿಗೆ ಹೋಗಿ ‘ಫಿಶ್ ಸಪ್ಪರ್’ ಎಂದರೆ ಯಾವ ಹೊತ್ತಿನಲ್ಲಾದರೂ ಮೀನು ಮತ್ತು ಚಿಪ್ಸ್ ಕಟ್ಟಿಕೊಡುತ್ತಾರೆ.

ನಮ್ಮ ಬೆಂಗಳೂರಿನ ದೊಡ್ಡ ಹೋಟೆಲುಗಳ ಬೋರ್ಡಿನಲ್ಲಿ ‘ಹೈ ಟೀ’ ಎಂದು ನೋಡಿರುತ್ತೀರಿ. ಅದರಲ್ಲಿ ಪುಟ್ಟ ಸ್ಯಾಂಡ್‌ವಿಚ್, ಕೇಕು ಇರುತ್ತವೆ. ಇಂಗ್ಲೆಂಡಿನಲ್ಲಿ ಅದರ ಹೆಸರು ‘ಆಫ್ಟರ್‌ನೂನ್ ಟೀ’. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆ್ಯನಾ ಶುರು ಮಾಡಿದ್ದು ಅಂತ ಹೇಳುತ್ತಾರೆ. ಆಗ ಶ್ರೀಮಂತರ ಮನೆಯಲ್ಲಿ ರಾತ್ರಿ ಊಟ ಎಂಟು ಗಂಟೆಗೆ, ನಡುವೆ ಹಸಿವು ತಡೆಯಲಾಗುತ್ತಿರಲಿಲ್ಲ. ‘ಹೈ ಟೀ’ ಇದಕ್ಕೆ ತದ್ವಿರುದ್ಧ. ಗಿರಣಿ, ಗಣಿ ಕೆಲಸ ಮುಗಿಸಿ ಬಂದವರು ಮಾಡುತ್ತಿದ್ದ ಗಟ್ಟಿ ಊಟ ಅದು. ನಿಮ್ಮ ಗೆಳತಿ ಕೇಳಿದ ‘ಟೀ’ ಅದರ ಮೊಮ್ಮಗಳು ಅಂದುಕೊಳ್ಳಿ.

ಮುಂದಿನ ಸಲ ಕೇಳಿದರೆ ‘ಜಸ್ಟ್ ಸಮ್ ರೈಸ್ ಅಂಡ್ ಡಾಲ್. ಯೂ?’ ಅನ್ನಿ. ಆ ಕೊನೆಯ ‘ಯೂ?’ ಮರೆಯಬೇಡಿ. ಅವಳು ಕೇಳಿದ್ದು ನಿಮ್ಮ ಮೆನು ತಿಳಿಯಲು ಅಷ್ಟೇನೂ ಅಲ್ಲ, ಮಾತು ಮುಂದುವರಿಯಲಿ ಅಂತ. ನಾವು ‘ಊಟ ಆಯ್ತಾ?’ ಅನ್ನುವುದಿಲ್ವಾ, ಹಾಗೆ. ಅಂದ ಹಾಗೆ, ಆ ‘ಊಟ ಆಯ್ತಾ’ವನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಎಂದು ಕೇಳಬೇಡಿ. ಎದುರಿನವರು ನೀವು ಊಟಕ್ಕೆ ಕರೆಯುತ್ತಿದ್ದೀರಿ ಅಂದುಕೊಂಡು ಡೈರಿ ನೋಡತೊಡಗುತ್ತಾರೆ. ಅಲ್ಲಿ ಆ ಕೆಲಸ ಮಾಡುವ ಮಾತು ‘ಯೂ ಆಲ್‌ರೈಟ್?’ ಅದಕ್ಕೆ ಕಾಲು ನೋವಿನ ಕತೆ ಹೇಳುವುದು ಬೇಡ. ‘ಯೆಸ್ ಥ್ಯಾಂಕ್ಸ್, ಯೂ?’ ಸಾಕು. ಬಸ್ಸಿನ ಡ್ರೈವರ್, ಅಂಗಡಿಯವರು ‘ಲವ್’ ಎಂದು ಕರೆದರೆ ಗಾಬರಿಯಾಗಬೇಡಿ. ಯಾರ್ಕ್‌ಶೈರಿನಲ್ಲಿ ಅದು ನಮ್ಮ ‘ಅಮ್ಮಾ’, ‘ಅಕ್ಕಾ’ ಇದ್ದ ಹಾಗೆ.

ಇನ್ನು ಕುಡಿಯುವ ಟೀ. ಅದಕ್ಕೆ ನಿಮ್ಮ ಕಡೆ ‘ಬ್ರೂ’ ಎನ್ನುತ್ತಾರೆ, ‘ಕಪ್ಪಾ’ ಎಂದೂ ಹೇಳುತ್ತಾರೆ. ಕಡಕ್ ಆಗಿ ಹಾಲು ಹಾಕಿದ್ದು ‘ಬಿಲ್ಡರ್ಸ್ ಟೀ’, ಗಾರೆ ಕೆಲಸದವರ ಚಹಾ. ಇಲ್ಲಿ ಪದಕ್ಕಿಂತ ರಿವಾಜು ಮುಖ್ಯ. ಸ್ಟಾಫ್ ರೂಮಿನಲ್ಲಿ ತನಗೊಬ್ಬಳಿಗೇ ಟೀ ಮಾಡಿಕೊಂಡು ಕೂತರೆ ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ಆದರೆ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಕೆಟಲ್ ಸ್ವಿಚ್ ಒತ್ತುವ ಮೊದಲು ‘ಎನಿವನ್ ಫಾರ್ ಎ ಬ್ರೂ?’ ಎಂದು ಕೇಳಬೇಕು. ಯಾರಿಗೆ ಹಾಲು, ಯಾರಿಗೆ ಎಷ್ಟು ಚಮಚ ಸಕ್ಕರೆ ಅಂತ ನೆನಪಿಟ್ಟುಕೊಂಡರೆ ಒಂದೇ ವಾರದಲ್ಲಿ ನೀವು ಅವರ ಪೈಕಿ. ಟೀಪಾಟಿನಿಂದ ಎಲ್ಲರಿಗೂ ಬಗ್ಗಿಸಿಕೊಡುವಾಗ ಕೆಲವರು ‘ಶಲ್ ಐ ಬಿ ಮದರ್?’ ಎನ್ನುತ್ತಾರೆ, ಗಂಡಸರೂ ಕೂಡ. ಅಮ್ಮನ ಹಾಗೆ ನಾನೇ ಬಡಿಸಲಾ ಅಂತ. ಯಾರಿಗಾದರೂ ಕೆಟ್ಟ ಸುದ್ದಿ ಬಂದರೆ ಮೊದಲು ಬರುವ ಮಾತು ‘ಐ ವಿಲ್ ಪುಟ್ ದ ಕೆಟಲ್ ಆನ್’. ಸಮಾಧಾನ ಹೇಳಲು ಮಾತು ಸಿಗದಾಗ ಅವರು ನೀರು ಕಾಯಿಸುತ್ತಾರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಚಹಾಪುಡಿಗೂ ರೇಷನ್ ಬಂದಿತ್ತು. 1940ರಲ್ಲಿ ಶುರುವಾದಾಗ ಒಬ್ಬರಿಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಆ ರೇಷನ್ ತೆಗೆದದ್ದು 1952ರಲ್ಲಿ. ವಾರ್ಡಿನಲ್ಲಿರುವ ತೊಂಬತ್ತರ ಅಜ್ಜಿ ಟೀಬ್ಯಾಗನ್ನು ಎರಡು ಸಲ ಅದ್ದಿದರೆ ಕಾರಣ ಗೊತ್ತಿರಲಿ.

ಈಗ ನಾವು ಊರಿನಿಂದ ಹೊತ್ತುಕೊಂಡು ಹೋಗುವ ಪದಗಳಿಗೆ ಬರೋಣ. ‘ಲಾಸ್ಟ್ ನೈಟ್ ವಿ ಏಟ್ ಇನ್ ಎ ಹೋಟೆಲ್’ ಎಂದರೆ, ಪರವಾಗಿಲ್ಲ, ಒಳ್ಳೆ ದುಡ್ಡಿದೆ ಇವಳ ಹತ್ತಿರ ಅಂದುಕೊಳ್ಳುತ್ತಾರೆ. ಅಲ್ಲಿ ಹೋಟೆಲ್ ಅಂದರೆ ರೂಮು ಮಾಡಿ ಉಳಿಯುವ ಜಾಗ. ದರ್ಶಿನಿಯಂಥದ್ದು ‘ಕೆಫೆ’. ಪಾರ್ಸೆಲ್ ಅಂದರೆ ಅಂಚೆಯಲ್ಲಿ ಬರುವುದು, ಊಟ ಕಟ್ಟಿಸಿಕೊಂಡರೆ ‘ಟೇಕ್‌ಅವೇ’. ಪೊಟ್ಟಣದಲ್ಲಿ ಬರುವ ನಮ್ಮ ಆಲೂಗಡ್ಡೆ ಚಿಪ್ಸ್ ಅಲ್ಲಿ ‘ಕ್ರಿಸ್ಪ್ಸ್’. ನಮ್ಮ ಫಿಂಗರ್ ಚಿಪ್ಸ್, ಅದೂ ದಪ್ಪದಾಗಿ ಹೆಚ್ಚಿ ಕರಿದದ್ದು, ಅಲ್ಲಿ ‘ಚಿಪ್ಸ್’. ಬ್ರಿಂಜಾಲ್ ಕೇಳಿದರೆ ಉಪ್ಪಿನಕಾಯಿ ಬಾಟಲಿ ತೋರಿಸಿಯಾರು, ಬದನೆಕಾಯಿಗೆ ‘ಓಬರ್ಜೀನ್’ ಅನ್ನಬೇಕು. ಕ್ಯಾಪ್ಸಿಕಂಗೆ ‘ಪೆಪ್ಪರ್’. ಹಾಗಾದರೆ ಕಾಳುಮೆಣಸಿಗೆ? ಅದಕ್ಕೂ ‘ಪೆಪ್ಪರ್’! ‘ರೆಡ್ ಪೆಪ್ಪರ್’ ಎಂದು ಪಾಕವಿಧಾನದಲ್ಲಿ ಕಂಡರೆ ಒಣಮೆಣಸಿನಕಾಯಿ ಹಾಕಿಬಿಡಬೇಡಿ, ಅದು ಕೆಂಪು ದಪ್ಪ ಮೆಣಸಿನಕಾಯಿ.

ಮೊಸರು ಇನ್ನೂ ಮಜಾ. ‘ಕರ್ಡ್’ ಎಂದು ಹುಡುಕುತ್ತ ಹೋದರೆ ‘ಲೆಮನ್ ಕರ್ಡ್’ ಎಂಬ ಹಳದಿ ಬಾಟಲಿ ಸಿಗುತ್ತದೆ. ಅದು ನಿಂಬೆರಸ, ಸಕ್ಕರೆ, ಬೆಣ್ಣೆ, ಮೊಟ್ಟೆ ಹಾಕಿ ಕಾಯಿಸಿದ ಸಿಹಿ, ಬ್ರೆಡ್ಡಿಗೆ ಹಚ್ಚುವುದು. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಅನ್ನಕ್ಕೆ ಕಲಸಿಕೊಂಡು ಊರಿಗೆ ಫೋನ್ ಮಾಡಿ ಅತ್ತಿದ್ದ. ಮೊಸರಿಗೆ ‘ಪ್ಲೇನ್ ಯೋಗರ್ಟ್’ ಕೇಳಿ. ಅವರ ಬಾಯಲ್ಲಿ ಅದು ‘ಯಾಗಟ್’ ಅಂತ ಬರುತ್ತದೆ.

‘ಟಿಫಿನ್’ ಕೂಡ ಹಾಗೇ. ಇಂಗ್ಲಿಷಿನವರದೇ ಹಳೆಯ ಪದ, ನಮ್ಮಲ್ಲಿಗೆ ಬಂದು ಇಡ್ಲಿ-ದೋಸೆಯಾಯಿತು. ಬೆಂಗಳೂರಿನ ಎಂ.ಟಿ.ಆರ್. ಹೆಸರಿನ ನಡುವಿನ ‘ಟಿ’ ಅದೇ. ಇವತ್ತು ಬ್ರಿಟನ್ನಿನ ಬೇಕರಿಯಲ್ಲಿ ‘ಟಿಫಿನ್’ ಕೇಳಿದರೆ ಪುಡಿ ಬಿಸ್ಕತ್ತು, ಒಣದ್ರಾಕ್ಷಿ ಸೇರಿಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ಚಾಕೊಲೇಟ್ ತುಂಡು ಕೊಡುತ್ತಾರೆ.

ಪುಡ್ಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಕೇಳುತ್ತೀರಿ. ಊಟ ಆದಮೇಲೆ ತಿನ್ನುವ ಸಿಹಿ ಏನೇ ಆಗಲಿ, ಕೇಕು, ಐಸ್‌ಕ್ರೀಮು, ಕೊನೆಗೆ ಹಣ್ಣು ಕೂಡ ‘ಪುಡ್ಡಿಂಗ್’. ‘ವಾಟ್ಸ್ ಫಾರ್ ಪುಡ್?’ ಎಂದು ಮೊಟಕು ಮಾಡುತ್ತಾರೆ. ಆದರೆ ನಿಮ್ಮ ಯಾರ್ಕ್‌ಶೈರ್ ಹೆಸರು ಹೊತ್ತ ‘ಯಾರ್ಕ್‌ಶೈರ್ ಪುಡ್ಡಿಂಗ್’ ಸಿಹಿಯೇ ಅಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿನಲ್ಲಿ ಹೊಯ್ದು ಓವನ್‌ನಲ್ಲಿ ಉಬ್ಬಿಸಿದ್ದು, ಭಾನುವಾರದ ಮಾಂಸದೂಟದ ಜೊತೆಗಾರ. ‘ಬ್ಲ್ಯಾಕ್ ಪುಡ್ಡಿಂಗ್’ ಅಂತೂ ಹಂದಿ ರಕ್ತದ್ದು. ಪದದ ಹಳೆಯ ಅರ್ಥವೇ ಕರುಳಿನಲ್ಲಿ ತುಂಬಿ ಬೇಯಿಸಿದ ತಿನಿಸು. ಸಿಹಿ ಆಮೇಲೆ ಬಂದು ಸೇರಿಕೊಂಡಿತು.

ಇದರಲ್ಲಿ ಜಾತಿ-ಅಂತಸ್ತಿನ ವಾಸನೆಯೂ ಇದೆ. 1954ರಲ್ಲಿ ಆ್ಯಲನ್ ರಾಸ್ ಎಂಬ ಭಾಷಾ ಪ್ರಾಧ್ಯಾಪಕರು ಮೇಲ್ವರ್ಗದವರ ಮಾತಿನ ಬಗ್ಗೆ ಒಂದು ಲೇಖನ ಬರೆದರು. ಕೈ ಒರೆಸುವ ಬಟ್ಟೆಗೆ ‘ನ್ಯಾಪ್‌ಕಿನ್’ ಅಂದರೆ ದೊಡ್ಡ ಮನೆತನ, ‘ಸರ್ವಿಯೆಟ್’ ಅಂದರೆ ಅಲ್ಲ. ‘ಪುಡ್ಡಿಂಗ್’ ಅಂದರೆ ದೊಡ್ಡವರು, ‘ಸ್ವೀಟ್’ ಅಂದರೆ ಅಲ್ಲ. ದೇಶವೆಲ್ಲ ಅದರ ಮೇಲೆ ಚರ್ಚೆ ಮಾಡಿತು. ನೀವು ಹೊರಗಿನವರು, ಈ ತಕ್ಕಡಿಗೆ ಹತ್ತುವ ಅಗತ್ಯವೇ ಇಲ್ಲ. ಪಕ್ಕದವರು ಏನನ್ನುತ್ತಾರೋ ಅದನ್ನೇ ಅನ್ನಿ.

ಬಿಸ್ಕತ್ತು ಯಾವುದು, ಕೇಕು ಯಾವುದು ಅಂತ ಒಮ್ಮೆ ತೆರಿಗೆ ನ್ಯಾಯಮಂಡಳಿಯೇ ತೀರ್ಮಾನಿಸಬೇಕಾಯಿತು. ಬ್ರಿಟನ್ನಿನಲ್ಲಿ ಕೇಕಿಗೆ ವ್ಯಾಟ್ ಇಲ್ಲ, ಚಾಕೊಲೇಟ್ ಹಚ್ಚಿದ ಬಿಸ್ಕತ್ತಿಗೆ ಇದೆ. ಕಿತ್ತಳೆ ಜೆಲ್ಲಿ ಮೇಲೆ ಚಾಕೊಲೇಟ್ ಇರುವ ‘ಜಾಫಾ ಕೇಕ್’ ಯಾವ ಲೆಕ್ಕಕ್ಕೆ? 1991ರಲ್ಲಿ ವಿಚಾರಣೆ ನಡೆಯಿತು. ಹಳಸಿದಾಗ ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ, ಜಾಫಾ ಕೇಕ್ ಗಟ್ಟಿಯಾಗುತ್ತದೆ ಎನ್ನುವುದೂ ಒಂದು ವಾದವಾಯಿತು. ಕೊನೆಗೆ ಕೇಕು ಅಂತಲೇ ತೀರ್ಪು ಬಂತು. ಸ್ಟಾಫ್ ರೂಮಿನಲ್ಲಿ ಆ ಡಬ್ಬಿ ತೆರೆದಾಗ ‘ಸೋ, ಕೇಕ್ ಆರ್ ಬಿಸ್ಕಿಟ್?’ ಎಂದು ಕೇಳಿ ಸುಮ್ನೆ ಕೂತುಕೊಳ್ಳಿ. ಹತ್ತು ನಿಮಿಷ ಒಳ್ಳೆಯ ಇಂಗ್ಲಿಷ್ ಪುಕ್ಕಟೆ ಸಿಗುತ್ತದೆ.

ಸಸ್ಯಾಹಾರಿ ಎಂದಿರಿ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇಲ್ಲಿ ಹೆಸರುಗಳು ಸುಳ್ಳು ಹೇಳುತ್ತವೆ. ‘ವೆಲ್ಷ್ ರೇರ್‌ಬಿಟ್’ನಲ್ಲಿ ಮೊಲ ಇಲ್ಲ, ಚೀಸ್ ಸಾಸ್ ಹಾಕಿದ ಟೋಸ್ಟ್. ಹಳೆಯ ಹೆಸರು ‘ವೆಲ್ಷ್ ರ್‍ಯಾಬಿಟ್’ ಎಂದೇ ಇತ್ತು, ವೇಲ್ಸ್‌ನವರನ್ನು ಗೇಲಿ ಮಾಡಲು ಇಟ್ಟದ್ದು ಎನ್ನುತ್ತಾರೆ. ಅಬ್ಬಾ ಪಾರಾದೆ ಅನ್ನಬೇಡಿ, ಅದಕ್ಕೆ ಸಾಮಾನ್ಯವಾಗಿ ವುಸ್ಟರ್ ಸಾಸ್ ಹಾಕುತ್ತಾರೆ. ಬರೆಯುವಾಗ ಉದ್ದುದ್ದ ವೋರ್ಸೆಸ್ಟರ್‌ಶೈರ್, ಹೇಳುವಾಗ ವುಸ್ಟರ್. ಅದರಲ್ಲಿ ನಮ್ಮ ಹುಣಸೆಹಣ್ಣು ಇದೆ, ಜೊತೆಗೆ ಆ್ಯಂಚೊವಿ ಎಂಬ ಮೀನೂ ಇದೆ. ‘ಟೋಡ್ ಇನ್ ದ ಹೋಲ್’ನಲ್ಲಿ ಕಪ್ಪೆ ಇಲ್ಲ, ಸಾಸೇಜ್ ಇದೆ. ‘ಮಿನ್ಸ್’ ಅಂದರೆ ಕೈಮಾ. ಆದರೆ ಕ್ರಿಸ್‌ಮಸ್ ಹೊತ್ತಿಗೆ ಬರುವ ‘ಮಿನ್ಸ್ ಪೈ’ ಒಳಗೆ ಒಣಹಣ್ಣು, ಸಕ್ಕರೆ, ಮಸಾಲೆ. ಆ ಹೂರಣದ ಹೆಸರು ‘ಮಿನ್ಸ್‌ಮೀಟ್’, ಮಾಂಸ ಇಲ್ಲ. ಹಿಂದೆ ಇತ್ತು, ಹೆಸರು ಉಳಿಯಿತು. ಆದರೂ ‘ಸೂಯೆಟ್’ ಎಂಬ ದನದ ಕೊಬ್ಬು ಇರಬಹುದು, ಡಬ್ಬಿ ತಿರುಗಿಸಿ ಓದಿ. ‘ವೆಜಿಟೆಬಲ್ ಸೂಯೆಟ್’ ಎಂದಿದ್ದರೆ ತೊಂದರೆಯಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಂಡ ಬರೀ ಚಿಪ್ಸ್. ಯಾರ್ಕ್‌ಶೈರಿನ ಎಷ್ಟೋ ಮೀನು-ಚಿಪ್ಸ್ ಅಂಗಡಿಗಳಲ್ಲಿ ಇವತ್ತಿಗೂ ಕರಿಯುವುದು ‘ಬೀಫ್ ಡ್ರಿಪ್ಪಿಂಗ್’ನಲ್ಲಿ, ಅಂದರೆ ಕರಗಿಸಿದ ದನದ ಕೊಬ್ಬಿನಲ್ಲಿ. ಅದಕ್ಕೇ ರುಚಿ ಅಂತ ಅವರಿಗೆ ಹೆಮ್ಮೆ ಬೇರೆ. ‘ಈಸ್ ಇಟ್ ವೆಜ್?’ ಎಂದು ಕೇಳಿದರೆ, ಆಲೂಗಡ್ಡೆ ತಾನೇ, ಹೌದು ಅಂದುಬಿಟ್ಟಾರು. ‘ವಾಟ್ ಡು ಯೂ ಫ್ರೈ ದೆಮ್ ಇನ್?’ ಎಂದೇ ಕೇಳಬೇಕು. ಮೆನುವಿನಲ್ಲಿ ‘ವಿ’ ಅಕ್ಷರ ಇದ್ದರೆ ಸಸ್ಯಾಹಾರ. ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಇರುತ್ತದೆ. ನಮ್ಮ ‘ಪ್ಯೂರ್ ವೆಜ್’ ಎಂಬ ಮಾತು ಅವರಿಗೆ ಅರ್ಥವಾಗುವುದಿಲ್ಲ. ‘ಐ ಡೋಂಟ್ ಈಟ್ ಮೀಟ್, ಫಿಶ್ ಆರ್ ಎಗ್ಸ್’ ಎಂದು ಬಿಡಿಸಿ ಹೇಳಿ.

ಕೇಳುವ ರೀತಿಯೂ ಒಂದು ವಿಷಯ. ಕನ್ನಡದಲ್ಲಿ ‘ಒಂದು ಕಾಫಿ ಕೊಡಿ’ ಅಂದರೆ ಮರ್ಯಾದೆ ಆ ‘ಕೊಡಿ’ಯ ಕೊನೆಯಲ್ಲೇ ಬಂತು. ‘ಕೊಡು’ ಅಂದರೆ ಬೇರೆ. ಇಂಗ್ಲಿಷಿನ ‘ಗಿವ್’ಗೆ ಈ ಬಾಲ ಇಲ್ಲ. ಅದಕ್ಕೇ ಅವರು ‘ಕುಡ್ ಐ’, ‘ಪ್ಲೀಸ್’ ಹಚ್ಚಿ ಮರ್ಯಾದೆಯನ್ನು ಹೊರಗಿನಿಂದ ತರುತ್ತಾರೆ. ‘ಗಿವ್ ಮಿ ಒನ್ ಕಾಫಿ’ ಅಂದಾಗ ನಾವು ಮನಸ್ಸಿನಲ್ಲಿ ‘ಕೊಡಿ’ ಎಂದಿರುತ್ತೇವೆ, ಅವರಿಗೆ ‘ಕೊಡು’ ಎಂದು ಕೇಳಿಸುತ್ತದೆ. ‘ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?’ ಎಂಬುದನ್ನು ಬಾಯಿಪಾಠ ಮಾಡಿ. ಕೇಕು ಬೇಕಾ ಅಂದಾಗ ಯಾರಾದರೂ ‘ಐ ಆಮ್ ಆಲ್‌ರೈಟ್, ಥ್ಯಾಂಕ್ಸ್’ ಎಂದರೆ ಬೇಡ ಅಂತ. ‘ಊ, ಗೋ ಆನ್ ದೆನ್’ ಅಂದರೆ ಬೇಕು, ಆದರೆ ನೀವು ಒತ್ತಾಯ ಮಾಡಿದ್ದಕ್ಕೆ ಎಂಬ ನಾಟಕ. ಇದು ನಮಗೆ ಚೆನ್ನಾಗಿ ಗೊತ್ತಿರುವ ನಾಟಕವೇ, ಅಲ್ವಾ?

ಒಂದೇ ಬನ್ನಿಗೆ ಊರಿಗೊಂದು ಹೆಸರು. ಮ್ಯಾಂಚೆಸ್ಟರಿನಲ್ಲಿ ‘ಬಾರ್ಮ್’, ನಾಟಿಂಗ್‌ಹ್ಯಾಮ್ ಕಡೆ ‘ಕಾಬ್’, ಕವೆಂಟ್ರಿಯಲ್ಲಿ ‘ಬ್ಯಾಚ್’, ನಿಮ್ಮ ವೆಸ್ಟ್ ಯಾರ್ಕ್‌ಶೈರಿನ ಕೆಲವೆಡೆ ‘ಟೀಕೇಕ್’. ನಮ್ಮ ಪಡ್ಡು ಒಂದು ಕಡೆ ಗುಳಿಯಪ್ಪ, ಇನ್ನೊಂದು ಕಡೆ ಗುಂಡಪಂಗಳ ಆದ ಹಾಗೆ. ಎಲ್ಲವನ್ನೂ ಕಲಿಯಬೇಡಿ, ನಿಮ್ಮ ಬೀದಿಯದು ಒಂದು ಸಾಕು.

ನುಡಿಗಟ್ಟು ಕೇಳಿದ್ದಿರಿ. ಪುಸ್ತಕದಲ್ಲಿ ಐನೂರು ಇರುತ್ತವೆ, ಸ್ಟಾಫ್ ರೂಮಿನಲ್ಲಿ ಓಡಾಡುವುದು ಹತ್ತೋ ಹದಿನೈದೋ. ‘ನಾಟ್ ಮೈ ಕಪ್ ಆಫ್ ಟೀ’ ಅಂದರೆ ನನಗೆ ಹಿಡಿಸುವಂಥದ್ದಲ್ಲ. ‘ದಟ್ ಟೇಕ್ಸ್ ದ ಬಿಸ್ಕಿಟ್’ ಅಂದರೆ ಇದು ಅತಿಯಾಯಿತು. ಕಡ್ಡಿಯನ್ನು ಗುಡ್ಡ ಮಾಡಿದರೆ ‘ಸ್ಟಾರ್ಮ್ ಇನ್ ಎ ಟೀಕಪ್’. ಅಜಗಜಾಂತರ ಇದ್ದರೆ ‘ಚಾಕ್ ಅಂಡ್ ಚೀಸ್’. ಹೊಟ್ಟೆಪಾಡಿನ ಕೆಲಸ ‘ಬ್ರೆಡ್ ಅಂಡ್ ಬಟರ್’. ‘ಶಿ ಹ್ಯಾಸ್ ಗಾಟ್ ಎ ಬನ್ ಇನ್ ದ ಅವನ್’ ಅಂದರೆ ಅವಳು ಬಸುರಿ. ಇದನ್ನು ಅರ್ಥ ಮಾಡಿಕೊಳ್ಳಿ, ನರ್ಸ್ ಆಗಿ ನೀವು ಹೇಳಬೇಡಿ.

ಲಂಡನ್ನಿನ ಪೂರ್ವ ಭಾಗದಿಂದ ಬಂದ ಪ್ರಾಸದ ಆಟವೂ ಇದೆ. ‘ಪೋರ್ಕ್ ಪೈಸ್’ ಎಂಬುದು ‘ಲೈಸ್’ಗೆ ಪ್ರಾಸ, ಹಾಗಾಗಿ ಸುಳ್ಳು ಹೇಳಿದರೆ ‘ಪೋರ್ಕೀಸ್’. ‘ಲೋಫ್ ಆಫ್ ಬ್ರೆಡ್’ ‘ಹೆಡ್’ಗೆ ಪ್ರಾಸ, ಹಾಗಾಗಿ ತಲೆ ಓಡಿಸು ಅನ್ನಲು ‘ಯೂಸ್ ಯುವರ್ ಲೋಫ್’. ಐವತ್ತರ ದಶಕದ ಬೆಲ್‌ಫಾಸ್ಟ್ ಗಾಯಕಿ ರೂಬಿ ಮರಿಯ ಹೆಸರು ‘ಕರಿ’ಗೆ ಪ್ರಾಸವಾಗಿ, ‘ಲೆಟ್ಸ್ ಗೋ ಫಾರ್ ಎ ರೂಬಿ’ ಅಂದರೆ ಇಂಡಿಯನ್ ಊಟಕ್ಕೆ ಹೋಗೋಣ ಅಂತಾಯಿತು.

ಅವರ ಅಡುಗೆಮನೆಯಲ್ಲಿ ನಮ್ಮ ಕಡೆಯ ಪದಗಳೂ ಕೂತಿವೆ. ‘ಮಲ್ಲಿಗಟಾನಿ’ ಸೂಪು ತಮಿಳಿನ ಮಿಳಗು ತಣ್ಣೀರು, ಅಂದರೆ ಮೆಣಸಿನ ನೀರು. ನಮ್ಮ ಮೆಣಸಿನ ಸಾರಿನ ದೂರದ ದಾಯಾದಿ. ಬೇಳೆಯ ಖಿಚಡಿ ಅಲ್ಲಿಗೆ ಹೋಗಿ ಹೊಗೆಯಾಡಿಸಿದ ಮೀನು, ಮೊಟ್ಟೆ ಸೇರಿ ‘ಕೆಡ್ಜರಿ’ಯಾಯಿತು. ಲಂಡನ್ನಿನಲ್ಲಿ ಮೊದಲ ಇಂಡಿಯನ್ ಊಟದ ಮನೆ ತೆರೆದದ್ದು 1810ರಲ್ಲಿ, ಶೇಖ್ ದೀನ್ ಮಹಮ್ಮದ್. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ರಾಷ್ಟ್ರೀಯ ತಿನಿಸು ಎಂದೇ ಕರೆದರು. ‘ಚಾಯ್ ಟೀ’, ‘ನಾನ್ ಬ್ರೆಡ್’ ಎಂದು ಅವರು ಹೇಳಿದಾಗ ನಗಬೇಡಿ. ನಾವೂ ‘ನಡು ಸೆಂಟರ್’ ಎನ್ನುವವರೇ.

ಪುಸ್ತಕ ಯಾವುದು ಎಂದಿರಿ. ಬೇಡ. ಒಂದು ಸಣ್ಣ ನೋಟ್‌ಬುಕ್ ಇಡಿ. ಪದ ಬರೆಯಬೇಡಿ, ಪೂರ್ತಿ ವಾಕ್ಯ ಬರೆಯಿರಿ. ಯಾರು ಹೇಳಿದರು, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು ಅಂತಲೂ ಬರೆಯಿರಿ. ದಿನಕ್ಕೆ ಎರಡು ಸಾಕು. ವಾರಕ್ಕೊಮ್ಮೆ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದೇ ಸಾಲಿನ ಕಪಾಟನ್ನು ನಿಧಾನವಾಗಿ ಓದಿಕೊಂಡು ಬನ್ನಿ. ಪೊಟ್ಟಣದ ಹಿಂದಿನ ಅಡುಗೆ ಕ್ರಮ ಓದಿ, ಅಲ್ಲಿ ಕ್ರಿಯಾಪದಗಳು ಸಿಗುತ್ತವೆ. ನಮ್ಮ ಹುರಿ, ಕರಿ, ಬಾಡಿಸು ಮೂರಕ್ಕೂ ಅವರು ‘ಫ್ರೈ’ ಅಂದುಬಿಡಬಲ್ಲರು. ಆದರೆ ಕುದಿಸುವುದರಲ್ಲಿ ಮರಳಿದರೆ ‘ಬಾಯ್ಲ್’, ಸಣ್ಣ ಉರಿಯಲ್ಲಿ ಕುದಿ ಹಿಡಿದರೆ ‘ಸಿಮ್ಮರ್’, ಬಿಸಿನೀರಿನಲ್ಲಿ ಮೊಟ್ಟೆ ಒಡೆದು ಬಿಟ್ಟರೆ ‘ಪೋಚ್’ ಎಂದು ಬೇರೆ ಬೇರೆ ಮಾಡುತ್ತಾರೆ.

ಆಮೇಲೆ ಒಂದು ದಿನ ಚಿತ್ರಾನ್ನ ಮಾಡಿಕೊಂಡು ಹೋಗಿ. ‘ವಾಟ್ಸ್ ಇನ್ ಇಟ್?’ ಎಂದು ಕೇಳೇ ಕೇಳುತ್ತಾರೆ, ಆಗ ಮಾತಾಡುವ ಸರದಿ ನಿಮ್ಮದು. ಒಗ್ಗರಣೆಗೆ ಒಂದು ಪದ ಹುಡುಕಬೇಡಿ. ‘ಯೂ ಹೀಟ್ ದ ಆಯಿಲ್, ಮಸ್ಟರ್ಡ್ ಸೀಡ್ಸ್ ಗೋ ಇನ್, ದೇ ಪಾಪ್’ ಎಂದರೆ ಸಾಕು. ತಿಂದವರು ‘ನಾಟ್ ಬ್ಯಾಡ್, ದಟ್’ ಎಂದರೆ ಬಹಳ ಹಿಡಿಸಿದೆ ಅಂತ. ‘ಮ್, ಇಂಟರೆಸ್ಟಿಂಗ್’ ಎಂದರೆ ಮುಂದಿನ ಸಲ ಕೇಸರಿಬಾತು ಒಯ್ಯಿರಿ. ಕರಿಬೇವಿನ ಎಲೆ ಪಕ್ಕಕ್ಕಿಡಿ ಅಂತ ಮೊದಲೇ ಹೇಳಿ, ಪಾಪ, ಜಗಿಯುತ್ತ ಕೂರುತ್ತಾರೆ. ಅದಕ್ಕೂ ಮೊದಲು ಶೇಂಗಾ ಇದೆ ಅಂತ ಹೇಳಿ. ಅಲ್ಲಿ ಅದರ ಅಲರ್ಜಿಯನ್ನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆಹಾರ ಮಾರುವವರು ಕಾನೂನಿನ ಪ್ರಕಾರ ತಿಳಿಸಲೇಬೇಕಾದ 14 ಪದಾರ್ಥಗಳಲ್ಲಿ ಅದೂ ಒಂದು. ನಮ್ಮ ಶಾಲೆಯಲ್ಲಿ ಕಲಿತ ‘ಗ್ರೌಂಡ್‌ನಟ್’ ಎಂಬ ಪದ ಎಷ್ಟೋ ಜನಕ್ಕೆ ತಕ್ಷಣ ಹೊಳೆಯುವುದಿಲ್ಲ. ಡಬ್ಬಿ ತೆರೆಯುವ ಮುಂಚೆಯೇ ‘ಇಟ್ಸ್ ಗಾಟ್ ಪೀನಟ್ಸ್ ಇನ್ ಇಟ್’ ಎಂದುಬಿಡಿ.